ಹನ್ನೆರಡನೆಯ ಚೀಟಿ

ಸ್ಟೀರಿಂಗ್ ಸುಡುತ್ತಿದೆ, ಬೆರಳು ತಾಗಿಸಿ ತೆಗೆದೆ, ಕೋರ್ಟಿನ ಪಾರ್ಕಿಂಗ್ ಲಾಟಿನಲ್ಲಿ ಒಂದು ಮರವೂ ಇಲ್ಲ, ಜುಲೈ ತಿಂಗಳ ಅಟ್ಲಾಂಟಾದ ಬಿಸಿಲು ನನಗಿಂತ ಮೊದಲೇ ಕಾರಿನೊಳಗೆ ಬಂದು ಕುಳಿತಿದೆ, ಕೀ ಕೈಯಲ್ಲಿದೆ, ತಿರುಗಿಸಿದರಾಯಿತು, ಡುಲುತ್‌ನ ಮನೆಗೆ ಇಪ್ಪತ್ತು ನಿಮಿಷ, ಗಂಡ ಜಯಕರ ಅನ್ನಕ್ಕಿಟ್ಟು ಕಾಯುತ್ತಿರುತ್ತಾರೆ, ಮುಗೀತಾ ವಾರಿಜಾ, ಎಂತ ಆಯ್ತು ಅಂತ ಕೇಳುತ್ತಾರೆ — ಎಂತ ಆಯ್ತು, ಅದನ್ನು ಮೊದಲು ನನಗೆ ನಾನೇ ಹೇಳಿಕೊಳ್ಳಬೇಕು. ಜ್ಯೂರಿ ಸಮನ್ಸ್ ಬಂದ ದಿನ ನಕ್ಕಿದ್ದರು, ಸಿಟಿಜನ್ ಆದಿಯಲ್ಲ, ಇನ್ನು ಅದರ ಕೆಲಸ ಮಾಡು ಮಾರಾಯ್ತಿ. ಮೂರು ವರ್ಷದ ಹಿಂದೆ ಪೌರತ್ವದ ಪರೀಕ್ಷೆಗೆ ಬಾಯಿಪಾಠ ಮಾಡಿಸಿದವರೂ ಅವರೇ, ನಾನು ಮೀನು ಹುರಿಯುತ್ತ ಒಪ್ಪಿಸುತ್ತಿದ್ದೆ, ಸಂವಿಧಾನದ ಮೊದಲ ಹತ್ತು ತಿದ್ದುಪಡಿಗಳಿಗೆ ಏನನ್ನುತ್ತಾರೆ, ಬಿಲ್ ಆಫ್ ರೈಟ್ಸ್, ಅದರಲ್ಲೊಂದು ಹಕ್ಕು ಹೇಳು, ಜ್ಯೂರಿಯ ಎದುರು ವಿಚಾರಣೆ, ಸರಿ, ಮೀನು ಮಗುಚು. ಆ ಮೂರು ಶಬ್ದಗಳ ಒಳಗೆ ಕಿಟಕಿಯಿಲ್ಲದ ಒಂದು ಕೋಣೆ ಇದೆಯೆಂದು, ಅದರಲ್ಲಿ ಹನ್ನೆರಡು ಜನ ಮೂರು ದಿನ ಒಬ್ಬರ ಉಸಿರನ್ನು ಒಬ್ಬರು ಕುಡಿಯುತ್ತ ಕೂತಿರುತ್ತಾರೆಂದು ಅವರೂ ಹೇಳಿಕೊಡಲಿಲ್ಲ.

ಮನೆಗಳಿಗೆ ಬಣ್ಣ ಬಳಿಯುವವನು ಆ ಆರೋಪಿ, ನಲವತ್ತರ ಹತ್ತಿರದವನು, ಕೋಟು ಯಾರದೋ, ತೋಳು ಉದ್ದ, ಉಗುರಿನ ಅಂಚಿನಲ್ಲಿ ಬಿಳಿ ಬಣ್ಣ ಇನ್ನೂ ಇತ್ತು. ಒಂಟಿ ಮುದುಕಿಯೊಬ್ಬಳ ಮನೆಗೆ ನುಗ್ಗಿ ಅವಳನ್ನು ನೂಕಿ ಸೊಂಟ ಮುರಿದನೆಂದು ಆರೋಪ, ಮುದುಕಿಗೆ ಮುಖ ನೆನಪಿಲ್ಲ, ಕಂಡವನು ಎದುರುಮನೆಯವನೊಬ್ಬ, ಕಂಡದ್ದು ಓಡಿಹೋಗುವ ಬೆನ್ನು. ಬೆನ್ನಷ್ಟೇ. ಅದೇ ಬೆನ್ನು ಎಂದು ಬೆರಳು ತೋರಿಸಿದ. ತಾನು ತಪ್ಪು ಮಾಡಿಲ್ಲ ಎಂದು ತೋರಿಸುವುದು ಅವನ ಕೆಲಸವಲ್ಲ, ಮಾಡಿದ್ದಾನೆಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುವುದು ಸರಕಾರದ ಕೆಲಸ, ಎಂದು ಜಡ್ಜ್ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದರು. ಕೋಣೆಗೆ ಬಂದು ಬಾಗಿಲು ಹಾಕಿದ ಮೇಲೆ ನೀಲಿ ಸ್ವೆಟರಿನ ಹೆಂಗಸು, ಏಳನೆಯ ನಂಬರಿನವಳು, ಏನೂ ಮಾಡದವನನ್ನು ಇಲ್ಲಿ ತಂದು ಕೂರಿಸುತ್ತಾರಾ ಅಂದಳು, ತುಟಿ ಅವಳದು, ಮಾತು ಇಂಗ್ಲಿಷಿನದು, ಆದರೆ ನನಗೆ ಕೇಳಿಸಿದ್ದು ಕುಂದಾಪುರದ ನಮ್ಮ ಬೀದಿಯ ಗೌರಾಬಾಯಿಯ ಸ್ವರ, ಸತ್ತು ಹನ್ನೊಂದು ವರ್ಷವಾದ ಗೌರಾಬಾಯಿ, ಎಂತದೂ ಮಾಡದೆ ಪೊಲೀಸ್ರು ಹಿಡ್ಕೊಂಡು ಹೋತ್ರಾ — ಅಷ್ಟು ಸ್ಪಷ್ಟವಾಗಿ ಕೇಳಿತು, ತಿರುಗಿ ನೋಡಿದೆ, ಹಿಂದೆ ಗೋಡೆ.

ಎಪ್ಪತ್ತೈದು, ತುರ್ತುಪರಿಸ್ಥಿತಿ, ಯತೀಶಣ್ಣ ಗಂಜಿ ಉಣ್ಣುತ್ತಿದ್ದ, ಕರಪತ್ರ ಹಂಚಿದವನು ನೀನಾ ಅಂತ ಪೊಲೀಸರು ಬಂದು ಕೇಳಿದರು, ಕೈ ತೊಳೆಯಲು ಬಿಟ್ಟರು, ಕರೆದುಕೊಂಡು ಹೋದರು. ಕೇಸಿಲ್ಲ, ಕೋರ್ಟಿಲ್ಲ, ಯಾವ ತಪ್ಪಿಗೆ ಎಂದು ಅಮ್ಮ ಯಾರನ್ನು ಕೇಳಬೇಕೋ ಆ ಯಾರೂ ಇಲ್ಲ, ಹತ್ತೊಂಬತ್ತು ತಿಂಗಳು. ನನಗೆ ಹದಿನಾರು, ಶಾಲೆಯಲ್ಲಿ ರಾಜಲಕ್ಷ್ಮಿ ಕೇಳಿದಳು, ನಿನ್ನ ಅಣ್ಣ ಎಂತ ಮಾಡಿದ್ದು, ಅವಳ ಪಕ್ಕ ಇನ್ನೂ ಐದಾರು ಹುಡುಗಿಯರು, ನಾನು ಅಂದೆ, ಏನೋ ಮಾಡಿರಬೇಕು. ನಾನೇ ಅಂದದ್ದು. ಬಿಡುಗಡೆಯಾಗಿ ಬಂದವನು ಗೋಡೆಗೆ ಮುಖ ಮಾಡಿ ಕೂರುತ್ತಿದ್ದ, ಅಣ್ಣ ಕಾಪಿ ಅಂದರೆ ತಿರುಗದೆ ಕೈಯಷ್ಟೇ ಹಿಂದಕ್ಕೆ ಚಾಚುತ್ತಿದ್ದ, ನಾನು ಹೇಳಿದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ, ಕೇಳಲಿಲ್ಲ.

ಫೋರ್‌ಮನ್ ಒಳ್ಳೆಯವನು, ನಮ್ಮೊಳಗೇ ಆರಿಸಿದ ಮುಖ್ಯಸ್ಥ, ರಿಟೈರ್ ಆದ ಪೋಸ್ಟ್‌ಮನ್, ಹಳದಿ ಹಾಳೆ ಹರಿದು ಹನ್ನೆರಡು ಚೀಟಿ ಮಾಡಿ ಗಿಡ್ಡ ಪೆನ್ಸಿಲ್ ಹಂಚಿದ, ಹನ್ನೆರಡೂ ಒಂದೇ ಆದರಷ್ಟೇ ತೀರ್ಪು. ಮೊದಲ ದಿನ ಹನ್ನೊಂದು ಗಿಲ್ಟಿ, ಒಂದು ನಾಟ್ ಗಿಲ್ಟಿ, ಆ ಒಂದು ನನ್ನದು. ಎರಡನೆಯ ದಿನವೂ ಹಾಗೇ, ಯಾರೂ ನನ್ನ ಕಡೆ ನೋಡಲಿಲ್ಲ, ಎಲ್ಲರೂ ನೋಡದೆಯೇ ನೋಡಿದರು. ರಾತ್ರಿ ಊಟಕ್ಕೆ ಕೂತಾಗ ಜಯಕರ, ಕೇಸಿನ ವಿಷಯ ಕೇಳಬಾರದು ಗೊತ್ತುಂಟು, ಆದ್ರೆ ನಿನ್ನ ಮುಖ ಹೀಗೆ ಯಾಕುಂಟು, ಹತ್ತು ಜನ ಹೇಳಿದ್ದನ್ನು ಹೇಳಿ ಬಾ ಮಾರಾಯ್ತಿ, ನಾವು ಹೊರಗಿಂದ ಬಂದವರು, ಅಂದರು. ಇಂದು ಬೆಳಿಗ್ಗೆ ಮೂರನೆಯ ಸಲ ಚೀಟಿ ಬಂತು, ಅಷ್ಟು ಜನಕ್ಕೆ ಕಂಡದ್ದು ನನಗೊಬ್ಬಳಿಗೆ ಕಾಣದಿರುವುದೇ, ಗಿಲ್ಟಿ ಎಂದು ಬರೆದು ಮಡಚಿದೆ. ಬರೆದೆ. ಬರೆದದ್ದು ನಿಜ. ಫೋರ್‌ಮನ್ ಬಿಚ್ಚುತ್ತ ಹೋದ, ಗಿಲ್ಟಿ, ಗಿಲ್ಟಿ, ಹನ್ನೊಂದು ಆಯಿತು, ಇನ್ನು ಮನೆಗೆ ಹೋಗಬಹುದು ಎಂದು ಯಾರೋ ಕುರ್ಚಿ ಸರಿಸಿದರು, ಹನ್ನೆರಡನೆಯದು ಬಿಚ್ಚಿದ, ಮೇಜಿನ ಮೇಲೆ ನನ್ನ ಕಡೆ ತಳ್ಳಿದ. ನಾಟ್ ಗಿಲ್ಟಿ. ನಾಟ್ ಎಂಬುದನ್ನು ಎಷ್ಟು ಒತ್ತಿ ಬರೆದಿತ್ತೆಂದರೆ ಆ ಓ ಅಕ್ಷರ ಹರಿದು ಕಾಗದದಲ್ಲಿ ತೂತು ಬಿದ್ದಿತ್ತು. ಮ್ಯಾಮ್, ಇನ್ನೂ ನೀವೇನಾ ಅಂದ, ಸಿಟ್ಟಿನಿಂದಲ್ಲ, ದಣಿವಿನಿಂದ. ಹನ್ನೊಂದು ಮುಖ ನೋಡಿದೆ, ಒಂದೇ ಮುಖ ಹನ್ನೊಂದು ಸಲ, ಒಂದರಲ್ಲೂ ರೆಪ್ಪೆ ಹೊಡೆಯಲಿಲ್ಲ. ಅಲ್ಲ ಅನ್ನಬಹುದಿತ್ತು. ಹೌದು, ನನ್ನದೇ ಅಂದೆ, ನನ್ನ ಸ್ವರ ನನಗೇ ದೂರದಿಂದ ಕೇಳಿತು, ಒಂದು ಬೆನ್ನಿಗಾಗಿ ಯಾರನ್ನೂ ಇಪ್ಪತ್ತು ವರ್ಷ ಒಳಗೆ ಹಾಕಲು ನನ್ನಿಂದಾಗದು, ನಾನು ಒಂದು ಸಲ ಹಾಗೆ ಹೇಳಿದ್ದೇನೆ, ಸಾಕು.

ಮಧ್ಯಾಹ್ನ ನಾಲ್ಕನೆಯ ಸಲ. ನಾಟ್ ಗಿಲ್ಟಿ ಎಂದು ನಾನು ಮೆಲ್ಲಗೆ, ಪೆನ್ಸಿಲ್ ಒತ್ತದೆ, ಶಾಲೆಯ ಕಾಪಿಪುಸ್ತಕದಲ್ಲಿ ಬರೆದಂತೆ ಬರೆದೆ, ಈಗ ಎರಡಾಗುತ್ತದೆ, ಯಾರೆಂದು ಗೊತ್ತಾಗುತ್ತದೆ ಅಂದುಕೊಂಡೆ. ಒಂದೇ ಬಂತು. ನನ್ನದು. ನನ್ನ ಮೆಲ್ಲಗಿನ ಅಕ್ಷರ. ಆ ಇನ್ನೊಬ್ಬರು ನಾನು ಕೈಬಿಟ್ಟ ಒಂದೇ ಹೊತ್ತು ಅದನ್ನು ಹಿಡಿದಿದ್ದು, ನಾನು ಮತ್ತೆ ಹಿಡಿದ ಕೂಡಲೇ ಹನ್ನೊಂದರೊಳಗೆ ಸೇರಿಹೋದರು. ಮೂರೂವರೆಗೆ ಜಡ್ಜ್ ನಮ್ಮನ್ನು ಬಿಟ್ಟರು, ಒಮ್ಮತವಿಲ್ಲ, ತೀರ್ಪಿಲ್ಲ, ಅವನನ್ನು ಮತ್ತೆ ವಿಚಾರಣೆಗೆ ತರುತ್ತಾರೋ ಬಿಡುತ್ತಾರೋ ನಮಗೆ ತಿಳಿಯದು, ಇಂದಿಗೆ ತನ್ನ ಅಕ್ಕನ ಜೊತೆ ಮನೆಗೆ ಹೋದ, ಬಾಗಿಲ ಬಳಿ ಒಮ್ಮೆ ತಿರುಗಿದ, ಅವನ ಮುಖವನ್ನು ಪೂರ್ತಿಯಾಗಿ ನೋಡಿದೆ. ಲಿಫ್ಟಿನಲ್ಲಿ ಹನ್ನೆರಡೂ ಜನ ಇಳಿದೆವು, ನೀಲಿ ಸ್ವೆಟರಿನವಳು ನನ್ನ ಪಕ್ಕ, ಅವಳ ತೋರುಬೆರಳ ತುದಿಯಲ್ಲಿ ಪೆನ್ಸಿಲಿನ ಕಪ್ಪು, ಎಲ್ಲರ ಬೆರಳಲ್ಲೂ ಇತ್ತು, ನನ್ನದರಲ್ಲೂ, ಅವಳೇ ಆಗಿರಬಹುದೇ, ಫೋರ್‌ಮನ್ನೇ ಇರಬಹುದೇ, ಕೀ ತಿರುಗಿಸಬೇಕು, ಅನ್ನ ಆರುತ್ತದೆ, ಎಂತ ಆಯ್ತು ಅಂತ ಕೇಳುತ್ತಾರೆ, ಬರೆದವರು ಯಾರು — ಹಳದಿ ಚೀಟಿ, ಒತ್ತಿ ಬರೆದ ನಾಟ್, ಅದರ ನಡುವೆ ಹರಿದ ತೂತು, ತೂತಿನ ಆಚೆ ಮೇಜಿನ ಮರ, ಹಳದಿ ಚೀಟಿ, ತೂತು