ಐದು ಟೈಲ್ಸ್ ದೂರ

ನಾನೊಂದು ಬೆತ್ತ ಹೆಣೆದ ಕುರ್ಚಿ. ಹುಬ್ಬಳ್ಳಿಯ ಒಬ್ಬ ಬಡಿಗ ಒಂದೇ ಸಾಗುವಾನಿ ಹಲಗೆಯಿಂದ ನನ್ನನ್ನೂ ನನ್ನ ಜೋಡಿಯನ್ನೂ ಮಾಡಿದ. ಮೊದಲು ಒಬ್ಬ ವಕೀಲರ ಪಡಸಾಲೆಯಲ್ಲಿದ್ದೆವು. ಅವರು ಊರು ಬಿಟ್ಟಾಗ ಆಪ್ತಸಮಾಲೋಚಕಿ ವಿನುತಾ ಹಲಗೇರಿಯವರ ಕೋಣೆಗೆ ಬಂದೆವು. ನನ್ನ ಮೇಲೆ ರೋಗಿ, ಜೋಡಿಯ ಮೇಲೆ ಅವರು.

ಅವರಿಗೊಂದು ಪದ್ಧತಿಯಿತ್ತು. ರೋಗಿ ಕೂತೊಡನೆ ತಮ್ಮ ಕುರ್ಚಿಯನ್ನು ಮೇಜಿನ ಹಿಂದಿನಿಂದ ಎಳೆದು ತಂದು, ನನ್ನಿಂದ ಎರಡೇ ಟೈಲ್ಸ್ ದೂರದಲ್ಲಿ ಹಾಕುತ್ತಿದ್ದರು. ರೋಗಿ ಏಳುವ ಮೊದಲು, ಯಾರೇ ಆಗಲಿ, ಒಂದು ಪ್ರಶ್ನೆ ಕೇಳುತ್ತಿದ್ದರು: “ಸಾಯಬೇಕು ಅನ್ನಸ್ತದೇನ್ರಿ?” ಎಷ್ಟೋ ಜನ ಆಗ ನನ್ನ ತೋಳುಗಳನ್ನು ಬಿಗಿಯಾಗಿ ಹಿಡಿದು ಅತ್ತಿದ್ದಾರೆ, ಅತ್ತು ಬದುಕಿದ್ದಾರೆ.

ಚುನಾವಣೆಯ ತಿಂಗಳಲ್ಲಿ ದರ್ಜಿ ಶಿವಪುತ್ರಪ್ಪ ಬಂದರು. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಹೆಗಲ ಮೇಲೆ ಒಂದು ಪಕ್ಷದ ಶಾಲು. ವಿನುತಾ ಆ ಶಾಲನ್ನೇ ನೋಡಿದರು. ಅವರ ಕುರ್ಚಿ ಮೇಜಿನ ಹಿಂದೆಯೇ ಉಳಿಯಿತು. ನಾನು ಎಣಿಸಿದೆ: ಐದು ಟೈಲ್ಸ್.

“ನಿದ್ದಿ ಹತ್ತವಲ್ದ್ರಿ ಮೇಡಮ್. ಮಷಿನ್ ಮುಂದ ಕುಂತ್ರ ಹೊಲಿಗಿ ಸೊಟ್ಟ ಹೋಗತಾವ.”

“ಈ ಪಕ್ಷದ ಕೆಲಸ ಯಾವಾಗಿಂದ ಮಾಡ್ತೀರಿ?”

“ಕೆಲಸ ಅಲ್ರಿ, ಬಾವುಟ ಹೊಲಿತೀನಿ. ಆಕಿನೂ ಹೊಲಿತಿದ್ಲು. ಈ ಶಾಲಿನ ಅಂಚು ಆಕೀನ…”

“ದಿನಾ ಸಿಟ್ಟಿನ ಭಾಷಣ ಕೇಳಿದ್ರ ನಿದ್ದಿ ಹ್ಯಾಂಗ ಬರ್ತದ? ಮೊದ್ಲು ಆ ಮಂದಿ ಸಹವಾಸ ಬಿಡ್ರಿ.”

ಶಿವಪುತ್ರಪ್ಪ ನಗಲು ನೋಡಿದರು. “ವೋಟು ಬೇಕಾರ ನಿಮ್ಮ ಕಡೆನ ಹಾಕ್ತೀನ್ರಿ. ನಿದ್ದಿಗೊಂದು ದಾರಿ ಹೇಳ್ರಿ.”

ವಿನುತಾ ನಗಲಿಲ್ಲ. ಏನೇನೋ ಬರೆದುಕೊಂಡರು. ಎಲ್ಲರಿಗೂ ಕೇಳುವ ಆ ಪ್ರಶ್ನೆಯನ್ನು ಅಂದು ಕೇಳಲಿಲ್ಲ. ಶಿವಪುತ್ರಪ್ಪನವರ ಎರಡೂ ಕೈ ನನ್ನ ತೋಳುಗಳನ್ನು ಬಿಗಿಯಾಗಿ ಹಿಡಿದಿದ್ದವು. ಉತ್ತರ ನನಗೆ ಗೊತ್ತಿತ್ತು, ನನಗೆ ಬಾಯಿಲ್ಲ.

ಎಂಟು ದಿನಕ್ಕೆ ಶಿವಪುತ್ರಪ್ಪನವರ ಅಕ್ಕ ಬಂದು ನನ್ನ ಮೇಲೆ ಕೂತರು. ಮಡಿಲಲ್ಲಿ ಅದೇ ಶಾಲು.

“ತಮ್ಮ ಜೀವಾ ಕಳಕೊಂಡಾನ್ರಿ. ನಿಮ್ಮ ಮುಂದ ಏನ್ ಹೇಳಿದ್ದ?”

ವಿನುತಾ ಅಂದಿನ ಕಾಗದ ತೆಗೆದರು. ಮೇಲಿಂದ ಕೆಳಗೆ ಓದಿದರು, ಮತ್ತೊಮ್ಮೆ ಓದಿದರು. “ಪಕ್ಷದ ಹೆಸರು ನಾಕು ಸಲ ಬರದೀನಿ,” ಎಂದರು ತಮಗೆ ತಾವೇ. “ಹೆಂಡ್ತಿ ಹೆಸರು ಇಲ್ಲ.”

“ಗಂಗವ್ವ,” ಎಂದರು ಅಕ್ಕ.

ಈಗ ನನ್ನ ಬೆತ್ತ ಹರಿದಿದೆ. ಹಿತ್ತಲ ಗೋಡೆಗೆ ಒರಗಿದ್ದೇನೆ, ಪಕ್ಕದಲ್ಲಿ ನನ್ನ ಜೋಡಿ. ಒಳಗೆ ಹೊಸ ಕುರ್ಚಿಗಳು ಬಂದಿವೆ. ಸರಿಸಲು ಬಾರದಂತೆ ವಿನುತಾ ಅವುಗಳ ಕಾಲುಗಳನ್ನು ಬೋಲ್ಟ್ ಹಾಕಿ ನೆಲಕ್ಕೆ ಬಿಗಿಸಿದ್ದಾರೆ. ಯಾವ ಶಾಲು ಹೊದ್ದು ಬಂದರೂ ಇನ್ನು ಎರಡೇ ಟೈಲ್ಸ್.

ಶಿವಪುತ್ರಪ್ಪನವರಿಗೆ ಮಾತ್ರ ಎಂದೆಂದಿಗೂ ಐದು.