ಹಿಂಬಾಗಿಲ ಹಾಜರಿ

“ಸ್ವಲ್ಪ ತಡೀರಿ, ಮಕ್ಕಳ ಬಸ್ಸು ಬರ್ತಿದೆ,” ಎನ್ನುತ್ತ ಸಂಪಾದಕರು ಮುಂಬಾಗಿಲಿಗೆ ಅಡ್ಡ ನಿಂತರು.

ಅಕ್ಕನನ್ನು ಚಟ್ಟಕ್ಕೆ ಎತ್ತಲು ಬಗ್ಗಿದ್ದ ತಮ್ಮ ನೆಟ್ಟಗಾದ. ಅವನು ದರ್ಜಿ. ಮನೆಯ ಮುಂಗೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇವತ್ತು ಅಕ್ಕ ಮಲಗಿದ್ದಳು. ಮೂವತ್ತು ವರ್ಷ ಪತ್ರಿಕೆಗೆ ಶಾಲೆಗಳ ಸುದ್ದಿ ಬರೆದವಳು. ಯಾವ ಶಾಲೆಗೆ ಹೋದರೂ ಮೊದಲು ತಲೆ ಎಣಿಸುತ್ತಿದ್ದಳಾದ್ದರಿಂದ ಊರಿಗೆಲ್ಲ ‘ಹಾಜರಿ ಅಕ್ಕ’.

“ಯಾವ ಶಾಲೆ ಮಕ್ಕಳು ಸಾರ್?”

“ಅದೇ, ಐದಂತಸ್ತಿನ ಶಾಲೆ.”

ತಮ್ಮನಿಗೆ ಮೈಯೆಲ್ಲ ಉರಿಯಿತು. “ಬೆಳಗ್ಗೆ ಫೋನಲ್ಲಿ ಒಂದೇ ಮಾತು ಕೇಳಿದ್ದೆ. ಆ ಶಾಲೆ ಬಗ್ಗೆ ಅವಳು ಬರೆದಿದ್ದು ನೀವು ಹಾಕ್ಲಿಲ್ಲ. ಸತ್ತ ಸುದ್ದೀಲಾದ್ರೂ ಅದರ ವಿಷಯ ಒಂದು ಸಾಲು ಬರಲಿ ಅಂತ.”

“ಒಂದು ಸಾಲೇನು, ಅರ್ಧ ಪುಟ ಬರುತ್ತೆ. ಖರ್ಚೆಲ್ಲ ಶಾಲೆಯವರದ್ದೇ. ‘ಹಾಜರಿ ಅಕ್ಕನಿಗೆ ಇನ್ನೂರು ಮಕ್ಕಳ ಕಂಬನಿ’. ಪುಟ ರೆಡಿ ಇದೆ, ಫೋಟೋ, ವಿಡಿಯೋ ಮಾತ್ರ ಬಾಕಿ.”

“ಮಕ್ಕಳು ಇನ್ನೂ ಬಂದೇ ಇಲ್ವಲ್ಲ!”

“ಪತ್ರಿಕೆ ಕೆಲಸ ನಿಮಗೆ ಗೊತ್ತಾಗಲ್ಲ, ಬಿಡಿ.”

ಥೂ! ಹೆಣವನ್ನೂ ಬಿಡದ ಜನ.

* * *

ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಕ್ಕ ಬಂದವಳೇ ಹೊಲಿಗೆ ಯಂತ್ರದ ಪಕ್ಕ ಕೂತಿದ್ದಳು.

“ಬಿಳಿ ಅಂಗಿಗೆ ಕರಿದಾರದಲ್ಲಿ ಗುಂಡಿ ಹಾಕ್ತಾರೇನೋ?”

“ಅರ್ಜೆಂಟಲ್ಲಿ ಕೈಗೆ ಸಿಕ್ಕಿದ ದಾರ. ಯಾಕಕ್ಕಾ?”

“ಆ ಐದಂತಸ್ತಿನ ಶಾಲೇಲಿ, ಎರಡನೇ ಕ್ಲಾಸಲ್ಲಿ ಒಬ್ಬಳಿಗೆ ಹಾಗಿತ್ತು. ಮೂರನೇ ಕ್ಲಾಸಿಗೆ ಹೋದ್ರೆ ಅಲ್ಲೂ ಅದೇ ಗುಂಡಿ, ಅದೇ ಹುಡುಗಿ! ನಾನು ಮುಂದಿನಿಂದ ಬರೋಷ್ಟರಲ್ಲಿ ಹಿಂಬಾಗಿಲಿಂದ ಮಕ್ಕಳನ್ನ ದಾಟಿಸ್ತಿದ್ರು ಕಣೋ. ಅನುದಾನಕ್ಕೆ ಐನೂರು ತಲೆ ತೋರಿಸ್ಬೇಕಲ್ಲ, ಇರೋದು ನೂರೂ ಇಲ್ಲ.”

ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ವರದಿ ಬರಬೇಕಿದ್ದ ಜಾಗದಲ್ಲಿ ಅದೇ ಶಾಲೆಯ ಪುಟಗಾತ್ರದ ಜಾಹೀರಾತು ಬಂತು. ಆಮೇಲೆ ಅಕ್ಕನಿಗೆ ಶಾಲೆಗಳಿಗೆ ಹೋಗುವ ಕೆಲಸವೇ ಇಲ್ಲ. ಬರೆಯಬೇಕಾದದ್ದು ಪರೀಕ್ಷೆಯ ಭಯ ಓಡಿಸಲು ಹತ್ತು ಸೂತ್ರ, ಅಂಕ ಹೆಚ್ಚಿಸಲು ಹನ್ನೆರಡು ಸೂತ್ರ. “ಹಲ್ಲುಪುಡಿ ಮಾರೋದೇ ವಾಸಿ,” ಎನ್ನುತ್ತಿದ್ದಳು. ಆ ನಗು ಮತ್ತೆ ಕೇಳಿಸಲಿಲ್ಲ.

* * *

ಬಂದದ್ದು ಒಂದೇ ಬಸ್ಸು. ಬಿಸಿಲಲ್ಲಿ ಬೆಂದ ಮಕ್ಕಳ ಕೈಗೆ ಶಿಕ್ಷಕಿ ಹೂ ಹಂಚಿದರು. ಸಾಲು ಮುಂಬಾಗಿಲಿಂದ ಒಳಗೆ ಬಂತು. ತಮ್ಮನಿಗೆ ತಿಳಿಯದೆಯೇ ತುಟಿ ಎಣಿಸತೊಡಗಿತು. ಇಪ್ಪತ್ತು, ಮೂವತ್ತು, ಮೂವತ್ತೆಂಟು.

“ಸಾಲು ಮುಗೀಬಾರ್ದು ಮೇಡಂ,” ಎಂದ ಫೋಟೋದವನು. “ಅಡುಗೆಮನೆ ಕಡೆಯಿಂದ ಆಚೆ ಹೋಗಿ, ಸುತ್ತಿಕೊಂಡು ಮತ್ತೆ ಬರಲಿ. ವಿಡಿಯೋದಲ್ಲಿ ಇನ್ನೂರು ಕಾಣ್ಬೇಕು.”

ದರ್ಜಿಯ ಕಣ್ಣು. ಲಂಗದ ಅಂಚು ಬಿಚ್ಚಿ ಪಿನ್ನು ಚುಚ್ಚಿಕೊಂಡಿದ್ದ ಹುಡುಗಿಯೊಬ್ಬಳು ಅಕ್ಕನ ಪಾದದ ಬಳಿ ಬಿಳಿ ಹೂ ಇಟ್ಟು ಹಿಂಬಾಗಿಲಿಂದ ಹೋಗಿದ್ದಳು. ಈಗ ಮುಂಬಾಗಿಲಲ್ಲಿ ಮತ್ತೆ ಅದೇ ಪಿನ್ನು.

“ಮೂವತ್ತೆಂಟೇ ಸಾರ್!” ತಮ್ಮ ಕೂಗಿದ. “ಬರೋದು ಅವೇ ಮಕ್ಕಳು!”

“ದುಃಖ, ಪಾಪ,” ಎಂದು ಸಂಪಾದಕರು ಪಕ್ಕದವರಿಗೆ ಹೇಳಿದರು.

ಹುಡುಗಿ ಮೇಜಿನ ಹತ್ತಿರ ಬಂದಳು. ಕೈ ಬರಿದು. ಶಿಕ್ಷಕಿಯತ್ತ ನೋಡಿದಳು. ಶಿಕ್ಷಕಿ ಕಣ್ಣಲ್ಲೇ ಗದರಿದರು. ಹುಡುಗಿ ಬಗ್ಗಿ, ತಾನೇ ಇಟ್ಟಿದ್ದ ಹೂವನ್ನು ಅಕ್ಕನ ಪಾದದಿಂದ ತೆಗೆದುಕೊಂಡು, ಕ್ಯಾಮೆರಾ ಇತ್ತ ತಿರುಗುವವರೆಗೆ ಕಾದು, ಅಲ್ಲೇ ಮತ್ತೆ ಇಟ್ಟಳು.