ಹನ್ನೆರಡು ಒಲೆಗಳ ಯಾದಿ

ಇದು ನಡೆದದ್ದೇ. ಇದರಲ್ಲಿ ಒಂದು ಮಾತು ಸುಳ್ಳಾಗಿದ್ದರೂ ಇನ್ನು ಮುಂದೆ ನನ್ನ ನಾಲಿಗೆಗೆ ರೊಟ್ಟಿಯ ಸಂಗಡದ ಶೇಂಗಾ ಹಿಂಡಿಯ ರುಚಿ ಹತ್ತದಿರಲಿ. ಇದಕ್ಕಿಂತ ದೊಡ್ಡ ಆಣೆ ನನ್ನ ಹತ್ತಿರ ಇಲ್ಲ.

ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ. ಒಂದು ಶ್ರಾವಣದಲ್ಲಿ ಕೃಷ್ಣಾ ಹೊಳೆ ಎಷ್ಟು ಏರಿತೆಂದರೆ, ಮೀನುಗಳು ಬೇವಿನ ಮರದ ತುದಿಯ ಎಲೆ ತಿಂದು ಬಾಯಿ ಕಹಿ ಮಾಡಿಕೊಂಡು ವಾಪಸು ಹೋದವು. ದಂಡೆಯ ಮೇಲಿನ ಒಂದು ಸಣ್ಣ ಊರು ಪೂರ್ತಿ ನೀರಿನ ಹೊಟ್ಟೆಗೆ ಹೋಯಿತು. ಜನ ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹುನ್ನೂರಿನ ಹತ್ತಿರದ ಮಡ್ಡಿ ಏರಿದರು. ಅಲ್ಲಿ ಅವರಿಗೆ ನಲವತ್ತು ತಗಡಿನ ಶೆಡ್ಡು ಹಾಕಿಕೊಟ್ಟರು.

ಕಟ್ಟಕಡೆಯ ಶೆಡ್ಡು ಶಂಕ್ರೆವ್ವನದು. ಗಂಡ ಎಂದೋ ತೀರಿಕೊಂಡಿದ್ದ. ಸಂಗಡ ಇದ್ದವಳು ಅತ್ತೆ ಹಾಲವ್ವ. ಹಾಲವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ, ಆದರೆ ಅವಳ ಬಾಯಿ ಮೂರು ಊರಿಗೆ ಕೇಳುತ್ತಿತ್ತು. ಹಳೆಯ ಊರಿನಲ್ಲಿ ಶಂಕ್ರೆವ್ವನ ರೊಟ್ಟಿಗೆ ದೊಡ್ಡ ಹೆಸರು. ಅವಳ ರೊಟ್ಟಿಯನ್ನು ಮುಖಕ್ಕೆ ಹಿಡಿದರೆ ಆಚೆ ಕಡೆ ಸೂರ್ಯ ಕಾಣುತ್ತಿದ್ದ. ಗಾಳಿ ಬಿಟ್ಟ ದಿನ ಬುಟ್ಟಿಯ ಮೇಲೆ ಕಲ್ಲು ಹೇರದಿದ್ದರೆ ರೊಟ್ಟಿಗಳು ಹಾರಿ ಬೇರೆಯವರ ಮನೆ ಸೇರುತ್ತಿದ್ದವು.

ಮೊದಲ ತಿಂಗಳು ಎಲ್ಲರಿಗೂ ಜೋಳ ಬಂತು. ಆಮೇಲೆ ನಿಂತಿತು. ಶಂಕ್ರೆವ್ವನ ಡಬ್ಬಿಯ ತಳ ಕಂಡಿತು. ಅವಳ ಶೆಡ್ಡಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರದ ಮೊದಲ ದಿನವೇ ಪಕ್ಕದ ಶೆಡ್ಡಿನ ಕರೆವ್ವ ಸೆರಗಿನೊಳಗೆ ಎರಡು ರೊಟ್ಟಿ ಮುಚ್ಚಿಕೊಂಡು ಬಂದಳು.

"ತಗೋ ಯಕ್ಕಾ. ಸಪ್ಪಳ ಕೇಳಲಿಲ್ಲ, ಹಿಟ್ಟ ತೀರೇತೇನೋ ಅಂದಕೊಂಡೆ," ಎಂದು ಕುತ್ತಿಗೆ ಒಂದು ಕಡೆ ವಾಲಿಸಿ ನಿಂತಳು.

ರೊಟ್ಟಿ ಇಳಿಯಿತು, ಆ ವಾಲಿದ ಕುತ್ತಿಗೆ ಮಾತ್ರ ಶಂಕ್ರೆವ್ವನ ಗಂಟಲಲ್ಲಿ ಸಿಕ್ಕಿಕೊಂಡಿತು. ಊರಿಗೆಲ್ಲ ರೊಟ್ಟಿ ಕೊಟ್ಟ ಕೈ ಅದು. ಮರುದಿನ ನಸುಕಿನಲ್ಲಿ ಎದ್ದವಳು ಹೊಲದ ಎರೆಮಣ್ಣು ತಂದು ಸೋಸಿದಳು, ಬಿಸಿನೀರು ಹಾಕಿ ನಾದಿದಳು, ಹಲಗೆಯ ಮೇಲಿಟ್ಟು ಬಡಿದಳು. ತಪ ತಪ ತಪ. ಹಿಟ್ಟಿನದ್ದೇ ಸಪ್ಪಳ!

ಎಲ್ಲ ಗೊತ್ತಿದ್ದ ಹಾಲವ್ವ ಹಾಸಿಗೆಯಿಂದ ಕೂಗಿದಳು: "ಬಡಿ ಬೇ, ಇನ್ನೊಂದ ನಾಕ ಹೆಚ್ಚಿಗಿ ಬಡಿ! ಮಗ್ಗಲ ಮನಿಯಾಕಿಗೆ ಹೊಟ್ಟಿ ಉರೀಲಿ!"

ಬಡಿದದ್ದು ಮಣ್ಣು, ಉಂಡದ್ದು ಹೊಲದಂಚಿನ ಸೊಪ್ಪು ಬೇಯಿಸಿದ ನೀರು. ಮುದುಕಿಯ ಕೈ ದಿನಕ್ಕೊಂದಿಷ್ಟು ತೆಳ್ಳಗಾಗುವುದನ್ನು ಶಂಕ್ರೆವ್ವ ನೋಡುತ್ತಿದ್ದಳು.

ಅಷ್ಟರಲ್ಲಿ ಜಮಖಂಡಿಯಿಂದ, ಊರುಗಳ ಲೆಕ್ಕ ಬರೆಯುವ ತಲಾಠಿ ಚನಮಲ್ಲಪ್ಪ ಬಂದ. ಎರಡು ವಾರ ಬಿಟ್ಟು ಸೋಮವಾರ ಲಾರಿಯಲ್ಲಿ ಹನ್ನೆರಡು ಚೀಲ ಜೋಳ ಬರುವುದಿತ್ತು, ಒಲೆಗೆ ಒಂದು ಚೀಲ. ನಲವತ್ತು ಒಲೆಗಳಲ್ಲಿ ತೀರಾ ಗತಿಯಿಲ್ಲದ ಹನ್ನೆರಡನ್ನು ಆರಿಸಿ ಯಾದಿ ಮಾಡುವುದು ಅವನ ಕೆಲಸ. ಮೊದಲು ಬಾಯಿ ಬಿಟ್ಟು ಕೇಳಿದ. ಕಾಳು ಇದ್ದವರು ಗೋಳೋ ಎಂದು ಅತ್ತರು, ಇಲ್ಲದವರು "ಏನೂ ಕಡಿಮಿ ಇಲ್ರಿ" ಎಂದರು. ತಲೆ ಕೆಟ್ಟ ಚನಮಲ್ಲಪ್ಪ ತನ್ನ ಕಿವಿಯನ್ನೇ ನಂಬಿದ. ಕಿವಿಯೆಂದರೆ ಅಂಥಿಂಥ ಕಿವಿಯಲ್ಲ. ಮೂರು ಹೊಲದಾಚೆ ನಿಂತು, "ಆರನೇ ಶೆಡ್ಡಿನ ಎರಡನೇ ರೊಟ್ಟಿ ಅಂಚಿಗೆ ಹರಿದೈತಿ" ಎನ್ನುವನು. ಹೋಗಿ ನೋಡಿದರೆ ಹರಿದೇ ಇರುತ್ತಿತ್ತು! ದಿನಾ ನಸುಕಿನಲ್ಲಿ ದಿಬ್ಬದ ಮೇಲೆ ಕಣ್ಣು ಮುಚ್ಚಿ ನಿಂತು, ಯಾವ ಶೆಡ್ಡಿನಿಂದ ಸಪ್ಪಳ ಬರುವುದಿಲ್ಲವೋ ಅದರ ಹೆಸರು ಬರೆದುಕೊಂಡ.

ಶನಿವಾರ ಎಲ್ಲರೆದುರು ಯಾದಿ ಓದಿದ. ಶಂಕ್ರೆವ್ವನ ಹೆಸರಿರಲಿಲ್ಲ. ನೆಲದಲ್ಲಿ ಆರು ಚೀಲ ಕಾಳು ಹೂತಿಟ್ಟ ಕಾಶಪ್ಪನ ಹೆಸರು ಮೊದಲನೆಯದು.

"ನಿಂದ್ಯಾಕ ಬರತೈತಿ ಯಕ್ಕಾ?" ಎಂದು ಕರೆವ್ವ ಚುಚ್ಚಿದಳು. "ದಿನಾ ಲಗ್ನದ ಮನಿಯಾಗ ಬಡದಂಗ ಬಡೀತಿ!"

ಶಂಕ್ರೆವ್ವ ಮನೆಗೆ ಬಂದಳು. ಹಿಂದೆಯೇ ಚನಮಲ್ಲಪ್ಪನೂ ಬಂದು ಬಾಗಿಲಲ್ಲಿ ನಿಂತ.

"ಅವ್ವಾ, ಹನ್ನೊಂದ ದಿನಾ ಆತು ನಿನ್ನ ಕೈಯ ಸಪ್ಪಳಾ ಕೇಳಿ ಬಾಯಾಗ ನೀರ ಬರಾಕತ್ತೈತಿ. ಇಂಥಾ ಕೈ ನಾ ಎಲ್ಲೂ ಕೇಳಿಲ್ಲ. ಒಂದ ರೊಟ್ಟಿ ಹಾಕಬೇ."

ಬಂದವರಿಗೆ ಇಲ್ಲ ಎನ್ನುವ ರೂಢಿ ಆ ಮನೆಯಲ್ಲಿರಲಿಲ್ಲ.

"ಹಾಕಲೇ ಶಂಕ್ರಿ," ಎಂದಳು ಹಾಲವ್ವ, "ಹೊಟ್ಟಿ ತುಂಬ ತಿನ್ನಲಿ."

ಶಂಕ್ರೆವ್ವ ಬುಟ್ಟಿ ತಂದು ಮುಂದಿಟ್ಟಳು. ಚನಮಲ್ಲಪ್ಪ ಅರಿವೆ ಸರಿಸಿದ. ಕರ್ರಗೆ, ದುಂಡಗೆ, ಒಂದರ ಮೇಲೊಂದು ಹದಿನಾಲ್ಕು.

"ಇದು ಯಾವ ಜೋಳದ್ದು?"

"ಎರಿ ಹೊಲದ್ದು ನೋಡ್ರಿ."

ಒಂದನ್ನು ಮುರಿದ. ಕೈಯಲ್ಲಿ ಪುಡಿಯಾಯಿತು. ಜೀವಮಾನದಲ್ಲಿ ಮೊದಲ ಸಲ ಅವನ ಕಿವಿ ಮೋಸ ಹೋಗಿತ್ತು. ಕೈಗೆ ಹತ್ತಿದ ಪುಡಿಯನ್ನು ಮೂಸಿ ನೋಡಿದ. ಆಮೇಲೆ ಯಾದಿಯ ಕಾಗದ ತೆಗೆದ.

"ನಿನ್ನ ಹೆಸರ ಬರೀತೇನಿ. ಕಾರಣಾನೂ ಬರೀಬೇಕು, ಎಲ್ಲಾರ ಮುಂದ ಓದಬೇಕು."

"ಹಂಗಾದ್ರ ಬ್ಯಾಡ್ರಿ ಸಾಹೇಬ್ರ. ನಾ ಮಣ್ಣ ಬಡದದ್ದ ಊರಿಗೆಲ್ಲಾ ಸಾರಿ, ಆಮ್ಯಾಲ ಆ ಜೋಳಾ ಹೆಂಗ ನುಂಗಲಿ?" ಎಂದ ಶಂಕ್ರೆವ್ವ ಸೆರಗು ಸರಿಮಾಡಿಕೊಂಡಳು. "ನಾನೊಬ್ಬಾಕೀನ ಅಂತ ತಿಳದೀರೇನ್ರಿ? ಹಿಟ್ಟಿನ ರೊಟ್ಟಿ ಬಡಿವಾಕಿ ನಡುನಡುವ ಕೈ ನಿಲ್ಲಸ್ತಾಳ, ಕೆಳಗ ಒಣಾಹಿಟ್ಟ ಉದುರಸಾಕ. ಮಣ್ಣ ಬಡಿವಾಕಿ ಏನ ಉದುರಸ್ತಾಳ? ಒಂದ ಸವನ ಬಡೀತಾಳ. ಕಾಶಪ್ಪನ್ನ ಹಿಡದು ನಿಮ್ಮ ಯಾದ್ಯಾಗಿನ ಹನ್ನೆರಡೂ ಮಂದಿ ನೀವು ಕಿವಿಗೊಟ್ಟ ಸುದ್ದಿ ತಿಳದು ರೊಟ್ಟಿ ಬಿಟ್ಟು, ಹಿಟ್ಟ ಕುದಿಸಿ ಸಂಗಟಿ ಉಣ್ಣಾಕತ್ತಾರ. ಸಂಗಟಿ ಸಪ್ಪಳಾ ಮಾಡೂದಿಲ್ಲಲ್ರಿ!"

ಚನಮಲ್ಲಪ್ಪ ಹಣೆ ಬಡಿದುಕೊಂಡ. "ಯಾವ್ಯಾವ ಮನಿ, ಹೇಳು."

"ಹೆಸರ ನನ್ನ ಬಾಯಿಂದ ಬರೂದಿಲ್ಲ. ನಾಳೆ ನಸುಕಿನಾಗ ನಾ ಕೊಡಾ ಹಿಡಕೊಂಡ ನೀರಿಗೆ ಹೊಂಟಂಗ ಹೊಕ್ಕೇನಿ. ನೀವು ದೂರ ಬರ್ರಿ. ಮಣ್ಣಿನ ಮನಿ ಬಂದ್ರ ಕೊಡಾ ಈ ಟೊಂಕದಿಂದ ಆ ಟೊಂಕಕ್ಕ ಇಡತೇನಿ."

"ಆತು. ನಿಂದೊಂದ ಹಿಡದು ಹನ್ನೆರಡು. ಇನ್ನ ಹನ್ನೊಂದ ತೋರಸು."

ಭಾನುವಾರ ನಸುಕಿನಲ್ಲಿ ಶಂಕ್ರೆವ್ವ ಆ ತುದಿಯಿಂದ ನಡೆದಳು. ಕೊಡ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಪೆನ್ಸಿಲು ಬರೆಯಿತು. ಮೂವತ್ತೆಂಟನೆಯ ಶೆಡ್ಡು ದಾಟುವುದರೊಳಗೆ ಹನ್ನೊಂದು ಹೆಸರು ತುಂಬಿದವು. ಮುಂದಿನದು ಕರೆವ್ವನದು, ಆಮೇಲೆ ತನ್ನದು. ಇನ್ನು ಮನೆಗೆ ಹೋಗಿ ಕೂತರೆ ನಾಳೆ ಚೀಲ ಬರುತ್ತದೆ.

ಕರೆವ್ವನ ಶೆಡ್ಡಿನಿಂದ ಸಪ್ಪಳ ಬರುತ್ತಿತ್ತು. ತಪ ತಪ ತಪ ತಪ. ಕೈ ಒಮ್ಮೆಯೂ ನಿಲ್ಲಲಿಲ್ಲ. ದಿನಾ ಈ ಹೊತ್ತಿಗೆ ತಾನೂ ಬಡಿಯುತ್ತಿದ್ದುದರಿಂದ ಶಂಕ್ರೆವ್ವನಿಗೆ ಇದು ಕೇಳಿಯೇ ಇರಲಿಲ್ಲ.

ಶಂಕ್ರೆವ್ವ ಅಲ್ಲಿಯೇ ನಿಂತಳು. ಆ ದಿನದ ಎರಡು ರೊಟ್ಟಿ ಯಾವ ಡಬ್ಬಿಯ ತಳದಿಂದ ಬಂದಿದ್ದವೆಂದು ಈಗ ತಿಳಿಯಿತು. ಒಳಗೆ ಕರೆವ್ವನ ಸಣ್ಣ ಹೆಣ್ಣುಮಕ್ಕಳಿಬ್ಬರು ಕೆಮ್ಮಿದರು. ಇತ್ತ ತನ್ನ ಶೆಡ್ಡಿನಲ್ಲಿ ಹಾಲವ್ವ. ಕೊಡ ಖಾಲಿ ಇತ್ತು, ಆದರೂ ಹೊಳೆಯನ್ನೇ ತುಂಬಿದಷ್ಟು ಭಾರವಾಯಿತು. ಹುನ್ನೂರಿನ ಕೋಳಿಗಳು ಕೂಗಲು ಬಾಯಿ ತೆರೆದು ಹಾಗೆಯೇ ಕಾದವು.

ಕೊಡ ಎಡಗಡೆಯಿಂದ ಬಲಕ್ಕೆ ಬಂತು.

ಚನಮಲ್ಲಪ್ಪ ಓಡಿ ಬಂದ. "ಶಂಕ್ರೆವ್ವಾ, ಇದು ಹನ್ನೆರಡನೇದು! ಮತ್ತ ನಿಂದು? ಹದಿಮೂರನೇ ಚೀಲಾ ನಾ ಎಲ್ಲಿಂದ ತರಲಿ?"

"ಚೀಲಾ ಮನಿಗೊಂದೋ, ಒಲಿಗೊಂದೋ?"

"ಒಲಿಗೆ."

"ಹಂಗಾದ್ರ ಕರೆವ್ವಂದೂ ನಂದೂ ಒಂದ ಒಲಿ ಅಂತ ಬರಕೋರಿ."

"ಯಾವಾಗಿಂದ?"

"ತಡೀರಿ, ಕೇಳಿ ಬರತೇನಿ," ಎಂದವಳೇ ಕರೆವ್ವನ ಶೆಡ್ಡಿಗೆ ನುಗ್ಗಿದಳು. ಕರೆವ್ವ ಬೆಚ್ಚಿಬಿದ್ದು ಹಲಗೆಯ ಮೇಲೆ ಸೆರಗು ಮುಚ್ಚಿದಳು. ಸೆರಗಿಗೆ ಕರಿ ಮಣ್ಣು ಹತ್ತಿತು.

"ನನ್ನ ಒಲಿ ಬಾಳ ಹೊಗಿ ಹಾಕಾಕತ್ತೈತಿ ತಂಗಿ," ಎಂದಳು ಶಂಕ್ರೆವ್ವ, ಹಲಗೆಯ ಕಡೆ ನೋಡದೆ. "ಇವತ್ತಿಂದ ನಿನ್ನ ಒಲಿಗೇ ಬರತೇನಿ. ಅತ್ತೀನೂ ಕರಕೊಂಡ ಬರತೇನಿ. ನಡೀತೈತಿಲ್ಲೋ?"

ಕರೆವ್ವ ತಲೆ ಎತ್ತಿದಳು. ಶಂಕ್ರೆವ್ವನ ಉಗುರುಗಳನ್ನು ನೋಡಿದಳು. ಅಲ್ಲಿಯೂ ಅದೇ ಕರಿ ಮಣ್ಣು.

"ಯಕ್ಕಾ, ನೀನೂ?"

"ಹೂಂ. ಆದ್ರ ನಿಂದ ಅಂಚ ದಪ್ಪ ಆಗ್ಯಾವ ನೋಡ."

ಇಬ್ಬರಿಗೂ ನಗು ಬಂತು. ಅದೆಂಥ ನಗು ಎಂದರೆ ಶೆಡ್ಡಿನ ತಗಡು ಗಡಗಡ ನಡುಗಿ, ಸಾವಳಗಿಯ ಜನ ಮಳೆ ಬಂತೆಂದು ಅಂಗಳದ ಹಾಸಿಗೆ ಒಳಗೆ ಎಳೆದುಕೊಂಡರು.

ಸೋಮವಾರ ಹೊಸ ಯಾದಿ ಓದಿದರು. ಎಲ್ಲ ಹನ್ನೆರಡು ಹೆಸರುಗಳ ಮುಂದೆಯೂ ಕಾರಣ ಒಂದೇ: ಕಿವಿಯಿಂದ ಖಾತ್ರಿ ಮಾಡಲಾಗಿದೆ. ತಲಾಠಿಯ ಮೇಲಿನ ಮಾಮಲೇದಾರರು ನಕ್ಕು ಸಹಿ ಹಾಕಿದರಂತೆ. ಕಾಶಪ್ಪ ಮಾತ್ರ ಕುಣಿದಾಡಿದ.

"ನನ್ನ ಹೆಸರ ಎಲ್ಲಿ ಹೋತ್ರಿ ತಲಾಠಿ?"

"ಸಂಗಟಿ ಒಳಗ ಮುಳುಗೇತಿ, ತಿರುವಿ ನೋಡ," ಎಂದ ಚನಮಲ್ಲಪ್ಪ.

ಐದು ಬಾಯಿಗೆ ಒಂದು ಚೀಲ. ಸಾಲುವಷ್ಟಲ್ಲ. ಆದರೂ ಒಬ್ಬಳು ನಾದಿ, ಒಬ್ಬಳು ಬಡಿದು, ಸೊಪ್ಪು ಕೂಡಿಸಿ, ಸುಗ್ಗಿಯವರೆಗೆ ಎಳೆದರು. ಹಾಲವ್ವನ ಕೈಗೆ ಮತ್ತೆ ಮಾಂಸ ಹತ್ತಿತು, ಬಾಯಿ ನಾಲ್ಕನೆಯ ಊರಿಗೂ ಕೇಳತೊಡಗಿತು.

ಏನು, ನಗುತ್ತೀರಿ? ನಂಬಿಕೆ ಬರಲಿಲ್ಲವೇ? ಹಾಗಾದರೆ ಒಳಗೆ ಹೋಗಿ ಈಗಲೇ ಒಲೆಯ ಮೇಲೆ ಹಂಚು ಇಡಲು ಹೇಳಿ. ಹಿಟ್ಟಿನದೋ ಮಣ್ಣಿನದೋ ನಾನು ಇಲ್ಲೇ ಕಟ್ಟೆಯ ಮೇಲೆ ಕೂತು ಕೇಳಿ ಹೇಳುತ್ತೇನೆ. ಆದರೆ ವಯಸ್ಸಾಯಿತು ನೋಡಿ, ಬರೀ ಸಪ್ಪಳದಿಂದ ನನಗೆ ಪೂರ್ತಿ ಖಾತ್ರಿಯಾಗುವುದಿಲ್ಲ. ನಾಲ್ಕು ಬಿಸಿ ರೊಟ್ಟಿ ತಾಟಿಗೆ ಹಾಕಿ ತನ್ನಿ, ಮೇಲೊಂದು ಬೆಣ್ಣೆಯ ಉಂಡೆಯೂ ಇರಲಿ.